‘ನನಗೇನೂ ಇಲ್ಲ, ಅಕ್ಕಪಕ್ಕದವರು ಒಪ್ಪಲ್ಲ’: ಅಮೆರಿಕದಲ್ಲಿ ಬಣ್ಣ ನೋಡಿ ವೋಟು ಹಾಕುವವರ ಲೆಕ್ಕ ಸಿಗುತ್ತದಾ?

ಗುಬ್ಬಚ್ಚಿ
ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಇದೆ, ಸಹಿಸಿಕೊಳ್ಳಿ.

ನಾನಿರುವುದು ಒಹಾಯೋದಲ್ಲಿ. ಇಲ್ಲಿನ ಪೌರತ್ವ ಸಿಕ್ಕಿ ಕೆಲವು ವರ್ಷ ಆಯಿತು. 2024ರ ಚುನಾವಣೆಗೆ ಮುಂಚೆ ಗೆಳತಿಯೊಬ್ಬಳ ಕಾಟಕ್ಕೆ ಕಮಲಾ ಹ್ಯಾರಿಸ್ ಪರ ಫೋನ್ ಮಾಡುವ ಕೆಲಸಕ್ಕೆ ಸೇರಿಕೊಂಡೆ. ಸಂಜೆ ಕೂತು ಪೆನ್ಸಿಲ್ವೇನಿಯಾದ ಮತದಾರರಿಗೆ ಒಂದಾದ ಮೇಲೊಂದು ಕರೆ. ಬಹಳ ಜನ ಎತ್ತುವುದೇ ಇಲ್ಲ. ಎತ್ತಿದವರು ಬೈಯುವುದೂ ಕಡಿಮೆ, ಅದನ್ನು ಹೇಳಲೇಬೇಕು. ಒಬ್ಬ ಅಜ್ಜಿ ಮಾತ್ರ ಇಪ್ಪತ್ತು ನಿಮಿಷ ಮಾತಾಡಿದರು. ಮಂಡಿ ನೋವು, ಬೆಕ್ಕು, ತೀರಿಹೋದ ಗಂಡ, ಎಲ್ಲ ಬಂತು. ಕೊನೆಗೆ ನಾನು ವಿಷಯಕ್ಕೆ ಬಂದಾಗ ಹೇಳಿದ್ದು ಇಷ್ಟು: ‘ನನಗೇನೂ ತೊಂದರೆ ಇಲ್ಲಮ್ಮ. ಆದರೆ ನಮ್ಮ ಬೀದಿಯವರು ಅಂಥವರನ್ನು ಒಪ್ಪಲ್ಲ.’

ಅದೇ ವಾರ ನಮ್ಮವರ ಮನೆಯೊಂದರಲ್ಲಿ ಊಟ. ನನ್ನ ಗಂಡನ ಸೋದರಮಾವ ಇಲ್ಲಿಗೆ ಬಂದು ಮೂವತ್ತು ವರ್ಷ ದಾಟಿದೆ. ಅವರೂ ಕನ್ನಡದಲ್ಲಿ ಅದನ್ನೇ ಹೇಳಬೇಕಾ! ‘ನನ್ನದೇನೂ ಇಲ್ಲಮ್ಮ, ಈ ದೇಶ ಅವಳನ್ನು ಒಪ್ಪಲ್ಲ ನೋಡ್ತಿರು.’

ಅವತ್ತಿಂದ ತಲೆಯಲ್ಲಿ ಒಂದೇ ಪ್ರಶ್ನೆ. ಎಲ್ಲರೂ ‘ನನಗೇನೂ ಇಲ್ಲ’ ಅನ್ನುವವರೇ ಆದರೆ, ಬಣ್ಣ ನೋಡಿ ವೋಟು ಹಾಕುವವರು ಯಾರು? ಸಮೀಕ್ಷೆಯವರಿಗೆ ಅದು ಗೊತ್ತಾಗುವುದಾದರೂ ಹೇಗೆ?

ತಲೆಹರಟೆ
ಗೊತ್ತಾಗಲ್ಲ. ಸೋತವರಿಗೆ ನೆಪ ಬೇಕು, ಅಷ್ಟೇ. ಗೆದ್ದರೆ ‘ಜನ ಬದಲಾಗಿದ್ದಾರೆ’, ಸೋತರೆ ‘ಜನರಲ್ಲಿ ದ್ವೇಷ ಇದೆ’.

ಲೆಕ್ಕದ ಮೇಷ್ಟ್ರು
ಗುಬ್ಬಚ್ಚಿಯವರೇ, ನಿಮ್ಮ ಪ್ರಶ್ನೆಗೆ ಒಂದು ಹೆಸರೇ ಇದೆ. ‘ಬ್ರಾಡ್ಲಿ ಎಫೆಕ್ಟ್’ ಅಂತ. ಕಪ್ಪು ಅಭ್ಯರ್ಥಿಗೆ ಸಮೀಕ್ಷೆಯಲ್ಲಿ ಕಂಡಷ್ಟು ಮತ ಎಣಿಕೆಯಲ್ಲಿ ಸಿಗದೇ ಹೋಗುವುದು.

1982. ಕ್ಯಾಲಿಫೋರ್ನಿಯಾ ಗವರ್ನರ್ ಚುನಾವಣೆ. ಟಾಮ್ ಬ್ರಾಡ್ಲಿ ಲಾಸ್ ಏಂಜಲೀಸ್‌ನ ಮೇಯರ್, ಕಪ್ಪು ಜನಾಂಗದವರು, ಹಿಂದೆ ಪೊಲೀಸ್ ಅಧಿಕಾರಿ ಆಗಿದ್ದವರು. ಎದುರಿಗೆ ಬಿಳಿಯ ರಿಪಬ್ಲಿಕನ್ ಜಾರ್ಜ್ ಡ್ಯೂಕ್ಮೇಜಿಯನ್. ಸಮೀಕ್ಷೆಗಳಲ್ಲಿ ಬ್ರಾಡ್ಲಿ ಮುಂದೆ. ಚುನಾವಣೆಯ ದಿನ ಮತಗಟ್ಟೆಯಿಂದ ಹೊರಗೆ ಬಂದವರನ್ನು ಕೇಳಿದರೂ ಬ್ರಾಡ್ಲಿಯೇ ಮುಂದೆ. ಅವರು ಗೆಲ್ಲುತ್ತಾರೆ ಅಂತ ಒಂದು ಪತ್ರಿಕೆ ಮೊದಲ ಆವೃತ್ತಿಯಲ್ಲಿ ಅಚ್ಚು ಹಾಕಿಯೇ ಬಿಟ್ಟಿತು. ಬೆಳಗಾಗುವಷ್ಟರಲ್ಲಿ ಸೋತಿದ್ದರು. 75 ಲಕ್ಷಕ್ಕೂ ಜಾಸ್ತಿ ಮತ ಬಿದ್ದ ಕಡೆ ಒಂದು ಲಕ್ಷಕ್ಕೂ ಕಡಿಮೆ ಅಂತರ.

ಇನ್ನೊಂದು ತಮಾಷೆ ಕೇಳಿ. ಬಿಳಿಯರಲ್ಲಿ ಕೆಲವರು ಸಮೀಕ್ಷೆಯಲ್ಲಿ ನಿಜ ಹೇಳಲ್ಲ, ನಾವು ಸ್ವಲ್ಪ ಹಿಂದಿದ್ದರೂ ಗೆಲ್ಲುತ್ತೇವೆ ಅಂತ ಡ್ಯೂಕ್ಮೇಜಿಯನ್ ಪ್ರಚಾರದ ಉಸ್ತುವಾರಿಯೇ ಚುನಾವಣೆಗೆ ಮುಂಚೆ ಪತ್ರಕರ್ತರ ಮುಂದೆ ಬಾಯಿ ಬಿಟ್ಟಿದ್ದ. ಆ ಮಾತಿಗೆ ಅವನ ಕೆಲಸ ಹೋಯಿತು. ಭವಿಷ್ಯ ಮಾತ್ರ ನಿಜವಾಯಿತು!

ಪಡುವಣ
ಲಾಸ್ ಏಂಜಲೀಸ್ ವಿಮಾನ ನಿಲ್ದಾಣದ ಅಂತರರಾಷ್ಟ್ರೀಯ ಟರ್ಮಿನಲ್‌ಗೆ ಅವರದೇ ಹೆಸರು. ಇಮಿಗ್ರೇಷನ್ ಸಾಲಲ್ಲಿ ಮೂರು ಗಂಟೆ ನಿಂತಿದ್ದೆ. ‘ಟಾಮ್ ಬ್ರಾಡ್ಲಿ’ ಅನ್ನೋ ಫಲಕ ಓದಿ ಓದಿ ಬಾಯಿಪಾಠ ಆಗಿತ್ತು. ಯಾರಪ್ಪಾ ಇವನು ಅಂತ ಇವತ್ತು ಗೊತ್ತಾಯಿತು.

ಅರೆಮನಸ್ಕ
ಮೇಷ್ಟ್ರೇ, ಕತೆ ಅರ್ಧ ಹೇಳಿದಿರಿ. ಅವತ್ತು ಮತಪತ್ರದಲ್ಲಿ ಕೈಬಂದೂಕು ನಿಯಂತ್ರಣದ ಪ್ರಸ್ತಾಪವೂ ಇತ್ತು, 15ನೇ ನಂಬರಿನದು. ಅದನ್ನು ಸೋಲಿಸೋಕೆ ಅಂತ ಹಳ್ಳಿ ಕಡೆಯ ಬಂದೂಕಿನವರು ಸಾಲುಗಟ್ಟಿ ಬಂದರು. ಬಂದವರು ಬ್ರಾಡ್ಲಿಗೂ ವಿರುದ್ಧ ಒತ್ತಿ ಹೋದರು. ಜೊತೆಗೆ ರಿಪಬ್ಲಿಕನ್ನರು ಅಂಚೆ ಮತ ಹಾಕಿಸುವ ಕೆಲಸ ಜೋರಾಗಿ ಮಾಡಿದ್ದರು. ಮತಗಟ್ಟೆಯಲ್ಲಿ ಬಿದ್ದ ಮತಗಳನ್ನಷ್ಟೇ ಎಣಿಸಿದರೆ ಬ್ರಾಡ್ಲಿ ಗೆದ್ದಿದ್ದರು, ಸೋಲಿಸಿದ್ದು ಅಂಚೆ. ಮತಗಟ್ಟೆಯ ಹೊರಗೆ ನಿಂತು ಕೇಳಿದವರಿಗೆ ಅಂಚೆ ಮತದವರು ಎಲ್ಲಿ ಸಿಗಬೇಕು? ಇದರಲ್ಲಿ ಸುಳ್ಳು ಹೇಳಿದವರು ಯಾರೂ ಇರಬೇಕಾಗಿಲ್ಲ.

ಡ್ಯೂಕ್ಮೇಜಿಯನ್ ಪಕ್ಷದ ಸ್ವಂತ ಸಮೀಕ್ಷೆ ಮಾಡುತ್ತಿದ್ದವರೂ 2008ರಲ್ಲಿ ಇದನ್ನೇ ಬರೆದರು. ಕೊನೆ ದಿನಗಳಲ್ಲಿ ಅಂತರ ಕರಗುತ್ತಾ ಬಂದದ್ದು ಅವರ ಅಂಕಿಗಳಲ್ಲೇ ಕಾಣುತ್ತಿತ್ತಂತೆ.

ತಲೆಹರಟೆ
ನೋಡಿದಿರಾ? ನೆಪ ಅಂದೆನಲ್ಲ.

ಲೆಕ್ಕದ ಮೇಷ್ಟ್ರು
ಅಂಚೆ ಮತದ ಮಾತು ಒಪ್ಪಿದೆ. ಆದರೆ ವರ್ಜೀನಿಯಾಕ್ಕೆ ಏನು ಹೇಳುತ್ತೀರಿ? 1989ರ ಗವರ್ನರ್ ಚುನಾವಣೆ, ಕಪ್ಪು ಅಭ್ಯರ್ಥಿ ಡಗ್ಲಸ್ ವೈಲ್ಡರ್. ಗುಲಾಮರಾಗಿದ್ದವರ ಮೊಮ್ಮಗ. ಸಮೀಕ್ಷೆಗಳಲ್ಲಿ ಹತ್ತಿರ ಹತ್ತಿರ ಹತ್ತು ಅಂಶ ಮುಂದೆ. ಗೆದ್ದದ್ದು ಏಳು ಸಾವಿರಕ್ಕೂ ಕಡಿಮೆ ಮತದಲ್ಲಿ, ಮರುಎಣಿಕೆ ಆದಮೇಲೆ. ಅದೇ ದಿನ ನ್ಯೂಯಾರ್ಕ್‌ನಲ್ಲಿ ಡೇವಿಡ್ ಡಿಂಕಿನ್ಸ್ ಮೇಯರ್ ಚುನಾವಣೆ ಗೆದ್ದರು, ಅವರೂ ಕಪ್ಪು ಜನಾಂಗದವರು. ಅಲ್ಲೂ ಸಮೀಕ್ಷೆಯಲ್ಲಿ ದೊಡ್ಡ ಅಂತರ, ಪೆಟ್ಟಿಗೆ ತೆಗೆದರೆ ಐವತ್ತು ಸಾವಿರದ ಒಳಗೆ. ಒಂದೇ ದಿನ, ಎರಡು ಕಡೆ.

ವರ್ಜೀನಿಯಾದಲ್ಲಿ ಇನ್ನೊಂದು ಗಮನಿಸಿದರು. ಫೋನ್ ಮಾಡಿ ಕೇಳಿದವರು ಕಪ್ಪು ಜನಾಂಗದವರಾಗಿದ್ದರೆ ಬಿಳಿಯರು ‘ವೈಲ್ಡರ್‌ಗೆ’ ಅನ್ನುವುದು ಜಾಸ್ತಿ. ಬಿಳಿಯರು ಕೇಳಿದರೆ ಕಡಿಮೆ.

ಗುಬ್ಬಚ್ಚಿ
ಅಯ್ಯೋ, ನನ್ನ ಉಚ್ಚಾರಣೆ ಕೇಳಿದರೇ ಗೊತ್ತಾಗಿರುತ್ತೆ ನಾನು ಎಲ್ಲಿಯವಳು ಅಂತ. ಆ ಅಜ್ಜಿ ಅಕ್ಕಪಕ್ಕದವರ ಮೇಲೆ ಹಾಕಿದ್ದು ಅದಕ್ಕೇ ಇರಬೇಕು.

ನಿದ್ದೆಗೆಟ್ಟವ
ಅಥವಾ ಅಕ್ಕಪಕ್ಕದವರು ನಿಜವಾಗಿಯೂ ಹಾಗೆ ಇರಬಹುದು. ಅಜ್ಜಿಯ ಮೇಲೆ ಯಾಕೆ ಅನುಮಾನ? ಪಾಪ, ಬೆಕ್ಕು ಸಾಕಿಕೊಂಡಿದ್ದಾರೆ.

ತಲೆಹರಟೆ
ಮೇಷ್ಟ್ರು 1989ರಲ್ಲೇ ನಿಂತುಬಿಟ್ಟಿದ್ದಾರೆ. ಕ್ಯಾಲೆಂಡರ್ ತಿರುಗಿಸಿ ಸಾರ್. 2008ರಲ್ಲಿ ಬರಾಕ್ ಒಬಾಮ ಸುಮಾರು 53% ಮತ ತೆಗೆದುಕೊಂಡರು. ಬಿಳಿಯರಲ್ಲೇ 43% ಅವರಿಗೆ ಹಾಕಿದ್ದಾರೆ. 2004ರಲ್ಲಿ ಅದೇ ಡೆಮಾಕ್ರಟಿಕ್ ಪಕ್ಷದಿಂದ ನಿಂತ, ಬಿಳಿಯರೇ ಆದ ಜಾನ್ ಕೆರ್ರಿಗೆ ಬಿಳಿಯರಿಂದ ಸಿಕ್ಕಿದ್ದು 41%. ಕಪ್ಪು ಅಭ್ಯರ್ಥಿಗೆ ಬಿಳಿ ಮತ ಜಾಸ್ತಿ! ಕೊನೆಯ ಸಮೀಕ್ಷೆಗಳೂ ಹೆಚ್ಚುಕಮ್ಮಿ ಸರಿಯಾಗಿಯೇ ಇದ್ದವು. ಮುಗೀತಲ್ಲ?

ಅರೆಮನಸ್ಕ
ಸಮೀಕ್ಷೆಯ ಮಟ್ಟಿಗೆ ತಲೆಹರಟೆ ಹೇಳಿದ್ದು ಸರಿ. ಡೇನಿಯಲ್ ಹಾಪ್ಕಿನ್ಸ್ ಅನ್ನುವ ರಾಜ್ಯಶಾಸ್ತ್ರಜ್ಞರು 1989ರಿಂದ 2006ರವರೆಗಿನ ಗವರ್ನರ್ ಮತ್ತು ಸೆನೆಟ್ ಚುನಾವಣೆಗಳನ್ನು ತೆಗೆದು ನೋಡಿದರು. 90ರ ದಶಕದ ಮೊದಲ ವರ್ಷಗಳಲ್ಲಿ ಈ ಅಂತರ ಕಾಣುತ್ತದೆ. ದಶಕದ ನಡುವಿನಿಂದ ಮಾಯ. ಅಪರಾಧ, ಬಡವರಿಗೆ ಕೊಡುವ ಸರ್ಕಾರಿ ನೆರವು, ಇಂಥ ವಿಷಯಗಳು ಚುನಾವಣೆಯಲ್ಲಿ ತಣ್ಣಗಾದಾಗ ಅಂತರವೂ ಹೋಯಿತು ಅನ್ನುವುದು ಅವರ ವಾದ.

ಕಾಗದದ ದೋಣಿ
ಇಲ್ಲಿ ಎರಡು ಪ್ರಶ್ನೆ ಕಲಸಿಹೋಗುತ್ತಿದೆ, ಒಂದು ನಿಮಿಷ ನಿಲ್ಲಿ.

ಜನ ಸಮೀಕ್ಷೆಯವರಿಗೆ ಸುಳ್ಳು ಹೇಳುತ್ತಾರಾ ಅನ್ನುವುದು ಒಂದು. ಜನ ಬಣ್ಣ ನೋಡುತ್ತಾರಾ ಅನ್ನುವುದು ಇನ್ನೊಂದು. ‘ಅವನಿಗೆ ಹಾಕಲ್ಲ’ ಅಂತ ನಿಜವನ್ನೇ ಹೇಳಿ ಹಾಕದೇ ಇರಬಹುದಲ್ಲ. ಆಗ ಸಮೀಕ್ಷೆ ಸರಿಯಾಗಿಯೇ ಬರುತ್ತದೆ, ಪೂರ್ವಗ್ರಹ ಎಲ್ಲಿತ್ತೋ ಅಲ್ಲೇ ಇರುತ್ತದೆ.

43% ದೇಶದ ಸರಾಸರಿ. ಅಲಬಾಮ ನೋಡಿ. ಅಲ್ಲಿನ ಬಿಳಿಯರಲ್ಲಿ ಕೆರ್ರಿಗೆ ಹಾಕಿದವರು 19%, ಒಬಾಮಗೆ 10%. ಒಂದೇ ಪಕ್ಷ, ನಾಲ್ಕು ವರ್ಷದ ಅಂತರ. ಅದೂ ದೇಶವೆಲ್ಲ ಡೆಮಾಕ್ರಟಿಕ್ ಕಡೆ ಹರಿದ ವರ್ಷ! 2008ರ ನಕ್ಷೆಯಲ್ಲಿ ಆರ್ಕನ್ಸಾದಿಂದ ಟೆನೆಸಿ ದಾಟಿ ಅಪಲಾಚಿಯನ್ ಬೆಟ್ಟಗಳವರೆಗೆ ಒಂದು ಪಟ್ಟಿ ಕಾಣುತ್ತದೆ. ಎಲ್ಲ ಕಡೆ ಗಾಳಿ ಒಂದು ದಿಕ್ಕಿಗೆ, ಅಲ್ಲಿ ಮಾತ್ರ ತಿರುಗಿ.

ಗೂಗಲ್ ಹುಡುಕಾಟದ ಲೆಕ್ಕವೂ ಇದೆ. ಸೇಥ್ ಸ್ಟೀಫನ್ಸ್ ಡೇವಿಡೋವಿಟ್ಜ್ ಅನ್ನುವ ಅರ್ಥಶಾಸ್ತ್ರಜ್ಞ, ಕಪ್ಪು ಜನರನ್ನು ಹೀಯಾಳಿಸುವ ಆ ಕೆಟ್ಟ ಪದವನ್ನು ಯಾವ ಪ್ರದೇಶದವರು ಎಷ್ಟು ಹುಡುಕುತ್ತಾರೆ ಅಂತ ಅಳೆದರು. ಒಬಾಮ ಅಭ್ಯರ್ಥಿ ಆಗುವುದಕ್ಕೂ ಹಿಂದಿನ ಹುಡುಕಾಟಗಳು ಇವು. ಹುಡುಕಾಟ ಜಾಸ್ತಿ ಇದ್ದ ಕಡೆ ಒಬಾಮಗೆ ಕೆರ್ರಿಗಿಂತ ಎಷ್ಟು ಕಡಿಮೆ ಬಿತ್ತು ಅಂತ ನೋಡಿದಾಗ, ಒಟ್ಟು ನಷ್ಟ ಸುಮಾರು ನಾಲ್ಕು ಅಂಶ ಅಂತ ಬಂತು. ಫೋನಿನಲ್ಲಿ ಸುಳ್ಳು ಹೇಳುವವನೂ ಗೂಗಲ್‌ಗೆ ಸುಳ್ಳು ಹೇಳಲ್ಲ ಅಲ್ವಾ?

ಹುಡುಕಾಟ ಜಾಸ್ತಿ ಇದ್ದ ಜಾಗಗಳ ಪಟ್ಟಿಯಲ್ಲಿ ಇರುವುದು ಬರೀ ದಕ್ಷಿಣದ ರಾಜ್ಯಗಳಲ್ಲ. ಗುಬ್ಬಚ್ಚಿಯವರೇ, ನಿಮ್ಮ ಒಹಾಯೋದ ಪೂರ್ವಭಾಗವೂ, ನೀವು ಫೋನ್ ಮಾಡಿದ ಪೆನ್ಸಿಲ್ವೇನಿಯಾದ ಪಶ್ಚಿಮಭಾಗವೂ ಮೇಲಿನ ಸಾಲಿನಲ್ಲೇ ಇದ್ದವು.

ಗುಬ್ಬಚ್ಚಿ
😐

ನಿದ್ದೆಗೆಟ್ಟವ
ವೆಸ್ಟ್ ವರ್ಜೀನಿಯಾ ಬಿಟ್ಟಿರಲ್ಲ. 2012ರ ಡೆಮಾಕ್ರಟಿಕ್ ಪ್ರೈಮರಿಯಲ್ಲಿ, ಅಂದರೆ ಪಕ್ಷ ತನ್ನ ಅಭ್ಯರ್ಥಿಯನ್ನು ಆರಿಸುವ ಚುನಾವಣೆಯಲ್ಲಿ, ಅಧ್ಯಕ್ಷ ಒಬಾಮ ಎದುರು ನಿಂತವನು ಟೆಕ್ಸಾಸ್ ಜೈಲಿನಲ್ಲಿದ್ದ ಒಬ್ಬ ಕೈದಿ. ಅವನಿಗೆ ಬಿದ್ದದ್ದು 41%. ಕೈದಿಗೆ! ಜೈಲಿನೊಳಗಿಂದ!

ತಲೆಹರಟೆ
ಅದು ಕಲ್ಲಿದ್ದಲಿನ ಸಿಟ್ಟು ಮಾರಾಯ. ಗಣಿ ಮುಚ್ಚುತ್ತಾರೆ ಅಂತ ಹೆದರಿದವರು ಯಾರು ಸಿಕ್ಕರೂ ಹಾಕುತ್ತಾರೆ. ಬಣ್ಣ ಎಲ್ಲಿ ಬಂತು?

ನಿದ್ದೆಗೆಟ್ಟವ
ಕಲ್ಲಿದ್ದಲೂ ಕಪ್ಪೇ, ಅದರ ಮೇಲೆ ಮಾತ್ರ ಪ್ರೀತಿ.

ಹಳೇ ರೇಡಿಯೋ
ನಾನು 90ರ ಹೊತ್ತಿಗೆ ಲೂಸಿಯಾನದಲ್ಲಿ ಓದುತ್ತಿದ್ದೆ. ಸುಳ್ಳು ಹೇಳುವುದರ ಬಗ್ಗೆ ನನ್ನದೂ ಒಂದು ಕತೆ.

ಡೇವಿಡ್ ಡ್ಯೂಕ್ ಅಂತ ಒಬ್ಬ. ಬಿಳಿಯರೇ ಮೇಲು ಅನ್ನುವ ಕು ಕ್ಲಕ್ಸ್ ಕ್ಲಾನ್ ಗುಂಪಿನಲ್ಲಿ ಮುಖಂಡನಾಗಿದ್ದವನು. 1990ರಲ್ಲಿ ಸೆನೆಟ್‌ಗೆ ನಿಂತ. ನಮ್ಮ ಡಿಪಾರ್ಟ್‌ಮೆಂಟಿನಲ್ಲಿ, ಅಂಗಡಿಯಲ್ಲಿ, ಕಟಿಂಗ್ ಶಾಪಿನಲ್ಲಿ ಯಾರನ್ನು ಕೇಳಿದರೂ ‘ಛೆ, ಅವನಿಗೆ ಯಾರು ಹಾಕುತ್ತಾರೆ’ ಅನ್ನುವವರೇ. ಸಮೀಕ್ಷೆಗಳಲ್ಲೂ ಅವನು ಬಹಳ ಹಿಂದೆ. ಎಣಿಸಿದಾಗ 43%ಕ್ಕೂ ಜಾಸ್ತಿ! ಬಿಳಿಯರಲ್ಲಿ ಅರ್ಧಕ್ಕಿಂತ ಹೆಚ್ಚು ಜನ ಅವನಿಗೇ ಹಾಕಿದ್ದರು. ಮಾರನೇ ದಿನ ಕ್ಲಾಸಿನಲ್ಲಿ ಕೂತು ಸುತ್ತ ನೋಡಿದೆ. ಇಲ್ಲೇ ಎಷ್ಟೋ ಜನ ಇರಬೇಕಲ್ಲ, ಯಾರು? ಎಲ್ಲರೂ ಎಂದಿನಂತೆ ನಕ್ಕು ಮಾತಾಡಿಸಿದರು. ಆ ದಿನ ಆದ ಹಾಗೆ ನನಗೆ ಆಮೇಲೆ ಯಾವತ್ತೂ ಆಗಿಲ್ಲ.

ಮರುವರ್ಷ ಅವನೇ ಗವರ್ನರ್ ಚುನಾವಣೆಗೆ ಬಂದ. ಎದುರಿಗೆ ಎಡ್ವಿನ್ ಎಡ್ವರ್ಡ್ಸ್, ಭ್ರಷ್ಟಾಚಾರದ ಆರೋಪಗಳಿಗೆ ಹೆಸರುವಾಸಿ. ‘ಕಳ್ಳನಿಗೇ ವೋಟು ಹಾಕಿ, ಇದು ಮುಖ್ಯ’ ಅಂತ ಕಾರುಗಳ ಹಿಂದೆ ಸ್ಟಿಕ್ಕರ್ ಅಂಟಿಸಿದ್ದರು. ಕಳ್ಳನೇ ಗೆದ್ದ, ಸುಮಾರು 61%. ಆದರೆ ಅವತ್ತೂ ಬಿಳಿಯರಲ್ಲಿ ಹೆಚ್ಚಿನವರು ಡ್ಯೂಕ್‌ಗೇ ಹಾಕಿದ್ದರು. ಅವನನ್ನು ತಡೆದದ್ದು ಕಪ್ಪು ಮತದಾರರ ಸಾಲು.

ಪಡುವಣ
ಆ ಸ್ಟಿಕ್ಕರ್ ಈಗಲೂ ಎಷ್ಟು ಚುನಾವಣೆಗೆ ಬೇಕಾಗುತ್ತೆ 😂

ಅರೆಮನಸ್ಕ
ಬ್ರಾಡ್ಲಿ ಕತೆಗಿಂತ ಈ ಉದಾಹರಣೆ ಗಟ್ಟಿ. ಹೇಳಿಕೊಳ್ಳಲು ನಾಚಿಕೆಯಾಗುವ ಆಯ್ಕೆ ಯಾವುದೋ ಅದು ಸಮೀಕ್ಷೆಯಲ್ಲಿ ಕಡಿಮೆ ಕಾಣುತ್ತದೆ.

ಸೌದೆ ಒಲೆ
ಸಮೀಕ್ಷೆ, ಗೂಗಲ್ ಎಲ್ಲ ಯಾಕೆ? ನೇರವಾಗಿ ಬಣ್ಣದ ಮೇಲೇ ಮತ ಹಾಕಿಸಿದ್ದೂ ಇದೆ. ಬಿಳಿಯರು, ಕಪ್ಪು ಜನರು ಮದುವೆಯಾಗಬಾರದು ಅನ್ನುವ ಸಾಲು ಅಲಬಾಮದ ಸಂವಿಧಾನದಲ್ಲಿ 2000ದವರೆಗೂ ಉಳಿದಿತ್ತು. 1967ರಲ್ಲೇ ಸುಪ್ರೀಂ ಕೋರ್ಟ್ ಅಂಥ ಕಾನೂನುಗಳನ್ನೆಲ್ಲ ಹೊಡೆದು ಹಾಕಿದ್ದರಿಂದ ಅದು ಬರೀ ಸತ್ತ ಅಕ್ಷರ. ತೆಗೆಯೋಣವಾ ಬೇಡವಾ ಅಂತ ಜನರನ್ನು ಕೇಳಿದರು. ಸುಮಾರು 40% ಜನ ‘ಬೇಡ, ಇರಲಿ’ ಅಂದರು. ಎರಡು ವರ್ಷ ಮುಂಚೆ ಸೌತ್ ಕ್ಯಾರೊಲಿನಾದಲ್ಲೂ ಇದೇ ಪ್ರಶ್ನೆ, ಅಲ್ಲಿ 38%.

ಅಲ್ಲಿ ಅಭ್ಯರ್ಥಿ ಇಲ್ಲ, ಪಕ್ಷ ಇಲ್ಲ, ತೆರಿಗೆ ಇಲ್ಲ, ಕಲ್ಲಿದ್ದಲೂ ಇಲ್ಲ. ತಲೆಹರಟೆಯವರೇ, ಇದಕ್ಕೆ ಯಾವ ನೆಪ?

ತಲೆಹರಟೆ
...ಇದು ಗೊತ್ತಿರಲಿಲ್ಲ. ಸರಿ, ಈ ಒಂದು ಪಾಯಿಂಟ್ ನಿಮ್ಮದು.

ಲೆಕ್ಕದ ಮೇಷ್ಟ್ರು
ತಲೆಹರಟೆ ಒಪ್ಪಿಕೊಂಡ ದಿನ! ಬರೆದಿಟ್ಟುಕೊಳ್ಳಿ.

ಗುಬ್ಬಚ್ಚಿಯವರ ಮೂಲ ಪ್ರಶ್ನೆಗೆ ಬರುತ್ತೇನೆ, ಒಳಗಿನದನ್ನು ಹೊರಗೆ ಹೇಗೆ ತರಿಸುವುದು ಅಂತ. ಇದಕ್ಕೊಂದು ಚಂದದ ಉಪಾಯ ಇದೆ. ಜನರನ್ನು ಎರಡು ಗುಂಪು ಮಾಡುತ್ತಾರೆ. ಮೊದಲ ಗುಂಪಿಗೆ ಮೂರು ವಿಷಯ ಓದುತ್ತಾರೆ: ಪೆಟ್ರೋಲ್ ತೆರಿಗೆ ಏರುವುದು, ಆಟಗಾರರಿಗೆ ಕೋಟಿಗಟ್ಟಲೆ ಸಂಬಳ, ದೊಡ್ಡ ಕಂಪನಿಗಳು ಪರಿಸರ ಕೆಡಿಸುವುದು. ‘ಇವುಗಳಲ್ಲಿ ಎಷ್ಟು ನಿಮಗೆ ಸಿಟ್ಟು ತರಿಸುತ್ತವೆ? ಯಾವುದು ಅಂತ ಹೇಳಬೇಡಿ, ಎಷ್ಟು ಅಂತ ಹೇಳಿ ಸಾಕು.’ ಎರಡನೇ ಗುಂಪಿಗೆ ಇದೇ ಮೂರು, ಜೊತೆಗೆ ನಾಲ್ಕನೆಯದು: ಪಕ್ಕದ ಮನೆಗೆ ಕಪ್ಪು ಕುಟುಂಬ ಬರುವುದು.

ಮೊದಲ ಗುಂಪಿನ ಸರಾಸರಿ 2 ಬಂದು ಎರಡನೆಯದು 2.3 ಬಂತು ಅಂದುಕೊಳ್ಳಿ. ಹಾಗಾದರೆ ನೂರಕ್ಕೆ ಮೂವತ್ತು ಜನಕ್ಕೆ ಆ ನಾಲ್ಕನೆಯದು ಚುಚ್ಚಿದೆ ಅಂತ ಅರ್ಥ. ಯಾರು ಅಂತ ಕೇಳಿದವರಿಗೂ ಗೊತ್ತಾಗಲ್ಲ. ಹೇಳಿದವರಿಗೆ ಮುಖ ಉಳಿಯಿತು, ಇವರಿಗೆ ಲೆಕ್ಕ ಸಿಕ್ಕಿತು. 1990ರ ದಶಕದಲ್ಲಿ ಇದನ್ನು ಮಾಡಿದಾಗ ದಕ್ಷಿಣದ ಬಿಳಿಯರಲ್ಲಿ ಆ ಅಂತರ ಉಳಿದ ಕಡೆಗಿಂತ ಬಹಳ ದೊಡ್ಡದಿತ್ತು.

ಗುಬ್ಬಚ್ಚಿ
ಇದು ಸಖತ್ ಇದೆ ಮೇಷ್ಟ್ರೇ. ಪಕ್ಕದ ಮನೆಯೇ ಬಂತು ನೋಡಿ ಇಲ್ಲೂ.

ಬೆಂಕಿಪೊಟ್ಟಣ
ಅಮೆರಿಕದವರನ್ನು ಬೈಯುವ ಮೊದಲು ನಮ್ಮಲ್ಲಿ ಜಾತಿ ನೋಡಿ ಟಿಕೆಟ್ ಕೊಡುವುದರ ಬಗ್ಗೆ ಮಾತಾಡಿ. ನಾವೇನು ಸಾಚಾಗಳಾ?

ನಿರ್ವಾಹಕ
ಅದಕ್ಕೆ ಈಗಾಗಲೇ ಮೂರು ಚರ್ಚೆ ತೆರೆದಿವೆ, ಮೂರರಲ್ಲೂ ಜಗಳ ನಡೆಯುತ್ತಿದೆ. ಇಲ್ಲಿ ಅಮೆರಿಕ ಮಾತ್ರ.

ಕಾಗದದ ದೋಣಿ
ಬೆಂಕಿಪೊಟ್ಟಣದವರ ಮಾತಿನಲ್ಲಿ ಒಂದು ಎಳೆ ಮಾತ್ರ ಹಿಡಿದುಕೊಳ್ಳುತ್ತೇನೆ. ಅಲ್ಲಿಗೆ ಹೋದ ನಮ್ಮವರು ಈ ಕತೆಯಲ್ಲಿ ಯಾವ ಕಡೆ? 1923ರಲ್ಲಿ ಭಗತ್ ಸಿಂಗ್ ಥಿಂಡ್ ಅನ್ನುವ ಪಂಜಾಬಿ, ನಾನು ಆರ್ಯ ಕುಲದವನು, ಹಾಗಾಗಿ ನನ್ನನ್ನೂ ಬಿಳಿಯರಲ್ಲಿ ಸೇರಿಸಿ ಪೌರತ್ವ ಕೊಡಿ ಅಂತ ಸುಪ್ರೀಂ ಕೋರ್ಟ್‌ವರೆಗೂ ಹೋದರು. ಕೋರ್ಟ್ ಆಗಲ್ಲ ಅಂತು. ಆ ನಿಯಮವೇ ತಪ್ಪು ಅಂತ ಅವರು ವಾದಿಸಲಿಲ್ಲ, ನನ್ನನ್ನು ಬೇಲಿಯ ಒಳಗೆ ಬಿಡಿ ಅಂತ ಕೇಳಿದರು ಅನ್ನುವುದು ನನಗೆ ಯಾವಾಗಲೂ ಚುಚ್ಚುತ್ತದೆ. ಭಾರತೀಯರಿಗೆ ಪೌರತ್ವದ ಬಾಗಿಲು ತೆರೆದದ್ದು 1946ರಲ್ಲಿ. ಹತ್ತು ವರ್ಷಕ್ಕೆ, 1956ರಲ್ಲಿ, ದಲೀಪ್ ಸಿಂಗ್ ಸೌಂಡ್ ಕ್ಯಾಲಿಫೋರ್ನಿಯಾದಿಂದ ಕಾಂಗ್ರೆಸ್‌ಗೆ, ಅಂದರೆ ಅಲ್ಲಿನ ಸಂಸತ್ತಿಗೆ, ಗೆದ್ದರು.

ಪಡುವಣ
ನಮ್ಮ ಚಿಕ್ಕೋಡಿಯ ಶ್ರೀ ಥಾಣೇದಾರ್ ಅವರನ್ನು ಮರೆಯಬೇಡಿ. ಬೆಳಗಾವಿಯಲ್ಲಿ ಬೆಳೆದು ಮಿಷಿಗನ್‌ನಲ್ಲಿ ಸಂಸದ!

ಅರೆಮನಸ್ಕ
ಅವರದು ಇನ್ನೂ ಸಿಕ್ಕಿನ ಕತೆ. ಡೆಟ್ರಾಯಿಟ್ ನಗರದಲ್ಲಿ ಮುಕ್ಕಾಲು ಪಾಲು ಕಪ್ಪು ಜನ. 2022ರಲ್ಲಿ ಅವರು ಗೆದ್ದಾಗ, ಸುಮಾರು ಎಪ್ಪತ್ತು ವರ್ಷದಲ್ಲಿ ಮೊದಲ ಸಲ ಆ ನಗರಕ್ಕೆ ಕಪ್ಪು ಸಂಸದರೇ ಇಲ್ಲ ಅನ್ನುವ ಹಾಗಾಯಿತು. ಪ್ರೈಮರಿಯಲ್ಲಿ ಬಹಳ ಜನ ನಿಂತು ಮತ ಹಂಚಿಹೋಗಿತ್ತು. ಥಾಣೇದಾರ್ ಸ್ವಂತ ದುಡ್ಡು ಧಾರಾಳವಾಗಿ ಸುರಿದಿದ್ದರು. ಅಲ್ಲಿನ ಕಪ್ಪು ಮುಖಂಡರು ‘ನಮ್ಮವರೊಬ್ಬರು ಬೇಕು’ ಅಂದರೆ ಅದು ಪೂರ್ವಗ್ರಹವಾ?

ಸೌದೆ ಒಲೆ
ಅಲ್ಲ ಅನ್ನಿಸುತ್ತದೆ ನನಗೆ. ದಕ್ಷಿಣದಲ್ಲಿ ಮತಗಟ್ಟೆಗೇ ಬಿಡದೆ, ಓದುಬರಹದ ಪರೀಕ್ಷೆ, ತಲೆತೆರಿಗೆ ಅಂತ ತಡೆದು, 1965ರ ಮತದಾನ ಹಕ್ಕಿನ ಕಾಯ್ದೆ ಬರುವವರೆಗೂ ಹೊರಗಿಟ್ಟವರಿಗೆ ‘ನಮ್ಮವರು ಒಬ್ಬರು’ ಅನ್ನುವುದು ಬೇರೆ. ಹೊರಗಿಟ್ಟವರು ‘ನಮ್ಮವರೇ ಇರಲಿ’ ಅನ್ನುವುದು ಬೇರೆ.

ತಲೆಹರಟೆ
ಇದೊಳ್ಳೆ ಚೆನ್ನಾಗಿದೆ. ಅವರು ಮಾಡಿದರೆ ಅಭಿಮಾನ, ಇವರು ಮಾಡಿದರೆ ದ್ವೇಷ. ಟಿಮ್ ಸ್ಕಾಟ್‌ಗೆ ಏನು ಹೇಳುತ್ತೀರಿ? ಕಪ್ಪು ರಿಪಬ್ಲಿಕನ್, ಸೌತ್ ಕ್ಯಾರೊಲಿನಾ. ಅಲ್ಲಿನ ಬಿಳಿಯರೇ ಮತ್ತೆ ಮತ್ತೆ ಸೆನೆಟ್‌ಗೆ ಕಳಿಸುತ್ತಿದ್ದಾರೆ. ಜನ ನೋಡುವುದು ಪಕ್ಷವನ್ನು, ಚರ್ಮವನ್ನಲ್ಲ.

ಹಳೇ ರೇಡಿಯೋ
ಪಕ್ಷ ನೋಡುತ್ತಾರೆ, ನಿಜ. ಆದರೆ ಪಕ್ಷಗಳು ಹೀಗಾದದ್ದು ಹೇಗೆ? 1964ರಲ್ಲಿ ಲಿಂಡನ್ ಜಾನ್ಸನ್ ನಾಗರಿಕ ಹಕ್ಕುಗಳ ಕಾಯ್ದೆಗೆ ಸಹಿ ಹಾಕಿದರು. ಅದೇ ವರ್ಷದ ಚುನಾವಣೆಯಲ್ಲಿ ಬಿಳಿಯರ ಬಹುಮತ ಪಡೆದರು. ಅಲ್ಲಿಂದೀಚೆಗೆ ಯಾವ ಡೆಮಾಕ್ರಟಿಕ್ ಅಭ್ಯರ್ಥಿಗೂ ಅದು ಸಿಕ್ಕಿಲ್ಲ. ಅರವತ್ತು ವರ್ಷ! ಬಣ್ಣ ಒಂದು ಸಲ ಪಕ್ಷದ ಒಳಗೆ ಇಳಿದುಬಿಟ್ಟರೆ, ಆಮೇಲೆ ಬಣ್ಣದ ಬಗ್ಗೆ ಯಾರೂ ಬಾಯಿ ಬಿಡಬೇಕಾಗಿಲ್ಲ.

ಬಾಯಿ ಬಿಡದೆ ಹೇಳುವ ಕಲೆಯೂ ಇದೆ. 1983ರ ಷಿಕಾಗೋ ಮೇಯರ್ ಚುನಾವಣೆಯಲ್ಲಿ ಕಪ್ಪು ಜನಾಂಗದ ಹೆರಾಲ್ಡ್ ವಾಷಿಂಗ್ಟನ್ ಎದುರು ನಿಂತ ಬಿಳಿಯ ಅಭ್ಯರ್ಥಿ ಬರ್ನಾರ್ಡ್ ಎಪ್ಟನ್ ಜಾಹೀರಾತಿನಲ್ಲಿ ಬಂದ ಸಾಲು: ‘ತಡವಾಗುವ ಮೊದಲೇ.’ ಏನು ತಡ? ಯಾರೂ ವಿವರಿಸಲಿಲ್ಲ, ಎಲ್ಲರಿಗೂ ಅರ್ಥವಾಯಿತು. 1990ರಲ್ಲಿ ನಾರ್ತ್ ಕ್ಯಾರೊಲಿನಾದಲ್ಲಿ ಜೆಸ್ಸಿ ಹೆಲ್ಮ್ಸ್ ಜಾಹೀರಾತು ಇನ್ನೊಂದು. ಬಿಳಿಯ ಕೈಗಳೆರಡು ಒಂದು ಕಾಗದವನ್ನು ಮುದುಡುತ್ತವೆ. ನಿನಗೆ ಸಿಗಬೇಕಾದ ಕೆಲಸ ಅಲ್ಪಸಂಖ್ಯಾತನಿಗೆ ಹೋಯಿತು ಅನ್ನುವ ದನಿ ಹಿಂದೆ. ಎದುರಾಳಿ ಹಾರ್ವಿ ಗ್ಯಾಂಟ್ ಕಪ್ಪು ಜನಾಂಗದವರು, ಸೋತರು.

ನಿದ್ದೆಗೆಟ್ಟವ
ಒಂದು ಅನುಮಾನ. ಗುಬ್ಬಚ್ಚಿಯವರ ಅಜ್ಜಿ ‘ಅಂಥವರು’ ಅಂದದ್ದು ಬಣ್ಣಕ್ಕಾ, ಹೆಂಗಸು ಅಂತಲಾ?

ಗುಬ್ಬಚ್ಚಿ
ಅದನ್ನೇ ಯೋಚಿಸುತ್ತಿದ್ದೇನೆ. ಕೇಳಬೇಕಿತ್ತು. ಆದರೆ ಕೇಳಿದ್ದರೂ ಅಕ್ಕಪಕ್ಕದವರಿಗೆ ಯಾಕೆ ಅನ್ನುವುದನ್ನಷ್ಟೇ ಹೇಳುತ್ತಿದ್ದರು, ಅಲ್ವಾ?

ಲೆಕ್ಕದ ಮೇಷ್ಟ್ರು
ಮಾವನವರನ್ನಾದರೂ ಕೇಳಬಹುದಲ್ಲ. ಮನೆಯವರೇ.

ಗುಬ್ಬಚ್ಚಿ
ಇವತ್ತು ಕೇಳಿದೆ! ಇದನ್ನು ಬರೆಯಲಿಕ್ಕೇ ಮತ್ತೆ ಬಂದೆ.

ಮೇಷ್ಟ್ರ ನಾಲ್ಕು ವಿಷಯದ ಆಟ ಆಡಿಸೋಣ ಅಂತ ಹೋದೆ. ಒಬ್ಬರ ಮೇಲೆ ಆಡಿಸಿದರೆ ಏನೂ ಗೊತ್ತಾಗಲ್ಲ ಅಂತ ಗಂಡ ನಕ್ಕರು. ಸರಿ ಅಂತ ನೇರವಾಗಿಯೇ ಕೇಳಿದೆ. ‘ಮಾವ, ದೇಶ ಒಪ್ಪಲ್ಲ ಅಂದಿರಲ್ಲ, ನೀವು ಯಾರಿಗೆ ಹಾಕಿದಿರಿ?’ ಕನ್ನಡಕ ತೆಗೆದು ಒರೆಸಿದರು. ಮತ್ತೆ ಹಾಕಿಕೊಂಡರು. ‘ಅದು ಗುಪ್ತ ಮತದಾನ ಕಣಮ್ಮ’ ಅಂದರು.

ತಲೆಹರಟೆ
ಮಾವನವರಿಗೆ ನನ್ನ ನಮಸ್ಕಾರ ತಿಳಿಸಿ.